ಜೇನುಬಾಟಲಿಯ ತಳದಲ್ಲಿ ಸಕ್ಕರೆ

ಪ್ರಶ್ನೆ: ಮನೆಯಲ್ಲಿರುವ ಜೇನುತುಪ್ಪ ತಳದಲ್ಲಿ ಸಕ್ಕರೆಯ ಹಾಗೆ ಹರಳುಗಟ್ಟಿದೆ. ಕಲಬೆರಕೆ ಇರಬಹುದಾ? ನಾನು ಸಕ್ಕರೆ ಪೂರ್ತಿ ಬಿಟ್ಟಿದ್ದೇನೆ. ಬಿಸಿ ಟೀಗೆ ಜೇನು ಹಾಕಿ, ದಿನಕ್ಕೆ ಮೂರು ದೊಡ್ಡ ಚಮಚ ಆಗುತ್ತದೆ. ಹಣ್ಣಿನ ಸಕ್ಕರೆಯೇ ಇದರಲ್ಲೂ ಇರುವುದಂತೆ. ತೊಂದರೆ ಇಲ್ಲ ಅಲ್ವಾ? ಎಂಟು ತಿಂಗಳ ಮೊಮ್ಮಗನಿಗೂ ಒಂಚೂರು ನೆಕ್ಕಿಸುತ್ತೇನೆ.

ಉತ್ತರ: ಮೊದಲು ಮೊಮ್ಮಗನ ವಿಷಯ. ಒಂದು ವರ್ಷ ತುಂಬುವವರೆಗೆ ಜೇನು ಬೇಡವೇ ಬೇಡ. ಅದರಲ್ಲಿ ಬಾಟುಲಿಸಂ ಎಂಬ, ಸ್ನಾಯುಗಳ ಶಕ್ತಿ ಕುಂದಿಸುವ ಗಂಭೀರ ಕಾಯಿಲೆಯ ರೋಗಾಣುವಿನ ಬೀಜಕಗಳು ಇರಬಹುದು. ಎಳೆಮಗುವಿನ ಕರುಳಿಗೆ ಅವನ್ನು ತಡೆಯುವ ಶಕ್ತಿ ಇನ್ನೂ ಬಂದಿರುವುದಿಲ್ಲ.

ಬಾಟಲಿಯನ್ನು ಎಸೆಯಬೇಡಿ. ನಾನೂ ಒಮ್ಮೆ ಮೋಸ ಹೋದೆನೆಂದು ಅರ್ಧ ಬಾಟಲಿ ಸಿಂಕಿಗೆ ಸುರಿದವಳು. ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ! 100 ಗ್ರಾಂ ಜೇನಿನಲ್ಲಿ ಸುಮಾರು 38 ಗ್ರಾಂ ಫ್ರಕ್ಟೋಸ್ (ನೀವು ಹೇಳಿದ ಹಣ್ಣಿನ ಸಕ್ಕರೆ), 31 ಗ್ರಾಂ ಗ್ಲೂಕೋಸ್ ಇರುತ್ತದೆ. ಫ್ರಕ್ಟೋಸ್ ಸುಲಭವಾಗಿ ಕರಗಿಯೇ ಇರುತ್ತದೆ. ಗ್ಲೂಕೋಸ್ ಹಾಗಲ್ಲ, ತಂಪು ತಾಗಿದರೆ ಹರಳಾಗಿ ತಳ ಸೇರುತ್ತದೆ. ಬೆಚ್ಚಗಿನ ನೀರಿನಲ್ಲಿ ಬಾಟಲಿ ಇಟ್ಟರೆ ಮತ್ತೆ ಕರಗುತ್ತದೆ.

ಇನ್ನು ಆ ಮೂರು ಚಮಚ. ಸಕ್ಕರೆ ಎಂದರೂ ಇದೇ ಗ್ಲೂಕೋಸ್, ಫ್ರಕ್ಟೋಸ್‌ಗಳ ಜೋಡಿ. ಮಕರಂದದಲ್ಲಿದ್ದ ಆ ಜೋಡಿಯನ್ನು ಜೇನುಹುಳು ಮೊದಲೇ ಬಿಡಿಸಿಟ್ಟಿರುತ್ತದೆ. ಸಕ್ಕರೆ ತಿಂದರೆ ಆ ಕೆಲಸ ನಿಮ್ಮ ಕರುಳಿನದು. ಒಂದು ದೊಡ್ಡ ಚಮಚ ಜೇನಿನಲ್ಲಿ ಸುಮಾರು 17 ಗ್ರಾಂ ಸಕ್ಕರೆ, ಮೂರಕ್ಕೆ 51. ದಿನಕ್ಕೆ 2000 ಕ್ಯಾಲೊರಿ ತಿನ್ನುವವರಿಗೆ ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹಾಕಿದ ಗೆರೆಯೇ 50 ಗ್ರಾಂ. ಆ ಲೆಕ್ಕದಲ್ಲಿ ಜೇನು, ಹಣ್ಣಿನ ರಸ ಎರಡೂ ಸೇರುತ್ತವೆ. ಇಡೀ ಹಣ್ಣು ಸೇರುವುದಿಲ್ಲ.

ಒಂದು ಸೇಬಿನಲ್ಲೂ ಹೆಚ್ಚುಕಡಿಮೆ ಒಂದು ದೊಡ್ಡ ಚಮಚ ಜೇನಿನಷ್ಟೇ ಸಕ್ಕರೆ ಇದೆ, ನಿಜ. ಆದರೆ ಅದರ ಜೊತೆ ನಾರು, ನೀರು ಇವೆ. ಅಗಿದು ಮುಗಿಸುವುದಕ್ಕೇ ಐದು ನಿಮಿಷ ಬೇಕು. ಮೂರು ಸೇಬು ಒಟ್ಟಿಗೆ ತಿನ್ನಿ ನೋಡೋಣ!

ಟೀ ಬಗ್ಗೆ ಒಂದು ಮಾತು. ಫ್ರಕ್ಟೋಸ್ ತಣ್ಣಗಿದ್ದಾಗ ಜಾಸ್ತಿ ಸಿಹಿ, ಬಿಸಿಯಾದರೆ ಸಿಹಿ ತಗ್ಗುತ್ತದೆ. ನೀವು ಸಾಲದೆಂದು ಇನ್ನಷ್ಟು ಸುರಿಯುವುದು ಅದಕ್ಕೇ ಇರಬಹುದು. ಟೀ ಉಗುರುಬೆಚ್ಚಗಾದ ಮೇಲೆ ಒಂದು ಸಣ್ಣ ಚಮಚ ಹಾಕಿ ನೋಡಿ.