ಎರಿಕ್ಸನ್ ಥಿಯರಿ ಪರೀಕ್ಷೆಗೆ ಮಾತ್ರವೇ, ಕೌನ್ಸೆಲಿಂಗ್‌ನಲ್ಲಿ ನಿಜವಾಗಿ ಉಪಯೋಗಕ್ಕೆ ಬರುತ್ತಾ?

ಹುಟ್ಟಿನಿಂದ ಮುಪ್ಪಿನವರೆಗೆ ಮನುಷ್ಯನ ಮನಸ್ಸು ಎಂಟು ಹಂತಗಳಲ್ಲಿ ಬೆಳೆಯುತ್ತದೆ ಅಂದ ಮನೋವಿಶ್ಲೇಷಕ ಎರಿಕ್ ಎರಿಕ್ಸನ್. ಎಂಎಸ್‌ಡಬ್ಲ್ಯೂಗೆ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಆ ಎಂಟು ಹಂತ ಬಾಯಿಪಾಠ ಮಾಡಿದ್ದೀರಿ, ಎದುರಿಗೆ ಒಬ್ಬ ಮನುಷ್ಯ ಬಂದು ಕೂತಾಗ ಇದರಿಂದ ಏನು ಪ್ರಯೋಜನ ಅಂತ ಕೇಳಿದ್ದೀರಿ. ನಾನು ಕೊಡಗಿನಲ್ಲಿ ಪಿಯು ಮಕ್ಕಳಿಗೆ ಕೌನ್ಸೆಲಿಂಗ್ ಮಾಡುತ್ತೇನೆ. ಪ್ರಯೋಜನ ಖಂಡಿತ ಇದೆ. ಯಾರಿಗೆ ಯಾವ ಪ್ರಶ್ನೆ ಕೇಳಬೇಕು ಅನ್ನೋದು ಅದರಿಂದ ಹೊಳೆಯುತ್ತದೆ.

ಒಂದು ಉದಾಹರಣೆ ಹೇಳುತ್ತೇನೆ, ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ಸೆಕೆಂಡ್ ಪಿಯು ಹುಡುಗ. ಮಾರ್ಕ್ಸ್ ಇಳಿದಿತ್ತು, ಮನೆಯಲ್ಲಿ ಮಾತಿಲ್ಲ. ಅಪ್ಪ ಕರೆದುಕೊಂಡು ಬಂದರು. ಕಾಫಿ ಕೊಯ್ಲಿನ ಸಮಯ, ತೋಟದ ಕೆಲಸ, ಲೆಕ್ಕ ನೋಡಿಕೊಳ್ಳುವ ರೈಟರ್‌ನಿಂದ ಫೋನ್ ಮೇಲೆ ಫೋನ್. "ಡಿಗ್ರಿ ಯಾವುದಾದರೂ ಮಾಡಲಿ ಮೇಡಂ, ಆಮೇಲೆ ತೋಟ ಇದೆಯಲ್ಲ" ಅಂದರು. ಹುಡುಗನನ್ನು ಕೇಳಿದರೆ "ಹೂಂ, ತೋಟನೇ" ಅಂದ. ಹೇಳುವಾಗ ಶರ್ಟಿನ ಗುಂಡಿ ತಿರುಗಿಸುತ್ತಾ ಇದ್ದ.

ಮೇಲ್ನೋಟಕ್ಕೆ ಸಮಸ್ಯೆಯೇ ಇಲ್ಲ, ಅಲ್ವಾ? ಹರೆಯದಲ್ಲಿ ಮುಖ್ಯವಾದದ್ದು "ನಾನು ಯಾರು" ಅನ್ನೋ ಹುಡುಕಾಟ ಅಂತ ಎರಿಕ್ಸನ್ ಹೇಳಿದ. ಅದನ್ನೇ ಹಿಡಿದು ಜೇಮ್ಸ್ ಮಾರ್ಸಿಯಾ ಅನ್ನೋ ಮನಶ್ಶಾಸ್ತ್ರಜ್ಞ 1966ರಲ್ಲಿ ಎರಡು ವಿಷಯ ಪರೀಕ್ಷಿಸಿದ. ಬೇರೆ ದಾರಿಗಳನ್ನು ಹುಡುಕಿ ನೋಡಿದ್ದಾನಾ? ಒಂದನ್ನು ಗಟ್ಟಿಯಾಗಿ ಹಿಡಿದಿದ್ದಾನಾ? ಹುಡುಕದೆಯೇ ಹಿಡಿದ ಸ್ಥಿತಿಗೆ 'ಫೋರ್‌ಕ್ಲೋಷರ್' ಅಂತ ಹೆಸರಿಟ್ಟ. ನಮ್ಮ ಹುಡುಗ ಅಲ್ಲೇ ಇದ್ದ. ನನಗಂತೂ ಎಂಟು ಹಂತದ ಟೇಬಲ್‌ಗಿಂತ ಈ ಎರಡು ಪ್ರಶ್ನೆಗಳೇ ಜಾಸ್ತಿ ಕೆಲಸಕ್ಕೆ ಬಂದಿವೆ. ಅಪ್ಪನನ್ನು ಹೊರಗೆ ಕೂರಿಸಿ, "ತೋಟ ಇಲ್ಲದೇ ಇದ್ದಿದ್ರೆ ಏನು ಮಾಡ್ತಿದ್ದೆ?" ಅಂತ ಕೇಳಿದೆ. ಇದುವರೆಗೆ ಯಾರೂ ಕೇಳಿರಲಿಲ್ಲವಂತೆ. ಹೋಟೆಲ್ ಮ್ಯಾನೇಜ್‌ಮೆಂಟ್ ಬಗ್ಗೆ ನಿಲ್ಲಿಸದೆ ಮಾತಾಡಿದ.

ಇನ್ನು ಅಪ್ಪ. ಹೊಸಬರು ಎಡವೋದೇ ಇಲ್ಲಿ. ಹುಡುಗನ ಪಕ್ಷ ವಹಿಸಿ ಅಪ್ಪನನ್ನು ವಿಲನ್ ಮಾಡಿಬಿಡುತ್ತಾರೆ. ಏಳನೇ ಹಂತ ನೆನಪಿಸಿಕೊಳ್ಳಿ, ಅದು ನಡುವಯಸ್ಸಿನವರದ್ದು. ಮುಂದಿನ ತಲೆಮಾರಿಗೆ ಏನಾದರೂ ದಾಟಿಸಬೇಕು ಅನ್ನೋ ತುಡಿತ. ಮೆಣಸಿನ ಬಳ್ಳಿ ಸೊರಗುತ್ತಿದೆ, ಕೆಲಸಕ್ಕೆ ಜನ ಸಿಗುತ್ತಿಲ್ಲ, ಅಜ್ಜನ ಕಾಲದ ತೋಟ ತನ್ನ ಕೈಯಲ್ಲೇ ಮುಗಿದುಹೋಗುತ್ತಾ ಅನ್ನೋ ಭಯ ಅವರಿಗೆ. "ತೋಟ ನಿಮ್ಮ ಕೈಗೆ ಬರೋ ಮುಂಚೆ ನಿಮಗೆ ಏನಾಗಬೇಕು ಅಂತಿತ್ತು?" ಅಂತ ಕೇಳಿದೆ. "ಮಿಲಿಟರಿಗೆ ಸೇರಬೇಕಂತಿತ್ತು" ಅಂದರು. ಮಗನಿಗೆ ಇದು ಗೊತ್ತೇ ಇರಲಿಲ್ಲ. ಜಗಳ ಅವತ್ತೇ ಮುಗೀತು ಅಂತಲ್ಲ. ಕೋರ್ಸ್ ಮುಗಿಯುವವರೆಗೆ ತೋಟದ ಮಾತು ಎತ್ತೋದು ಬೇಡ ಅನ್ನೋ ಒಪ್ಪಂದಕ್ಕೆ ಬಂದರು, ಅಷ್ಟೇ. ಇಂಥ ಬಿಡುವನ್ನೇ ಎರಿಕ್ಸನ್ 'ಮೊರಟೋರಿಯಂ' ಅಂದಿದ್ದು.

ಹಾಗಂತ, 1950ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಹಂತಗಳನ್ನು ಸ್ಕೇಲ್ ಥರ ಇಟ್ಟು ಇಲ್ಲಿನ ಮಕ್ಕಳನ್ನು ಅಳೆಯಬೇಡಿ. ಇಲ್ಲಿ "ಯಾವ ಮನೆಯವನು" ಅಂತ ಕೇಳಿಯೇ ಮಾತು ಶುರುವಾಗೋದು. ಕೊಡವರಲ್ಲಂತೂ ಒಕ್ಕದ (ಮನೆತನದ) ಹೆಸರು ಸ್ವಂತ ಹೆಸರಿಗಿಂತ ಮುಂದೆ ಇರುತ್ತದೆ. ಮನೆಯವರ ದಾರಿಯಲ್ಲೇ ಖುಷಿಯಾಗಿರುವ ಮಕ್ಕಳು ಬೇಕಾದಷ್ಟಿದ್ದಾರೆ, ಅವರನ್ನು ಸುಮ್ನೆ ಕೆದಕಬೇಡಿ. ತೋಟದ ಕೂಲಿಯವರ ಲೈನ್‌ಮನೆಯಲ್ಲಿ ಬೆಳೆದು, ಪಿಯು ಬಿಟ್ಟು ಕೂಲಿಗೆ ಹೋಗುವ ಹುಡುಗಿಗೆ ಹುಡುಕಾಟಕ್ಕೆ ಪುರುಸೊತ್ತೇ ಸಿಕ್ಕಿರುವುದಿಲ್ಲ. ಅವಳಿಗೆ ಮೊದಲು ಸ್ಕಾಲರ್‌ಶಿಪ್, ಹಾಸ್ಟೆಲ್ ಸೀಟು ನೋಡಿ.

ಊಟ ನಿದ್ದೆ ಬಿಟ್ಟ, ಸಾಯುವ ಮಾತಾಡುವ ಮಗು ಎದುರಿಗಿದ್ದರೆ ಹಂತ ಗಿಂತ ಹುಡುಕುತ್ತಾ ಕೂರಬೇಡಿ. ಒಂಟಿಯಾಗಿ ಬಿಡದೆ ಅವತ್ತೇ ಮನೋವೈದ್ಯರ ಹತ್ತಿರ ಕಳಿಸಿ. ರಾತ್ರಿ ಹೊತ್ತಾದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ, ಕನ್ನಡದಲ್ಲೇ ಮಾತಾಡಬಹುದು.