ಓದುಗರ ಪ್ರಶ್ನೆ: ಮೊದಲ ಸಲ ಸ್ತ್ರೀರೋಗ ತಜ್ಞರ ಬಳಿ

ಪ್ರಶ್ನೆ: ನನಗೆ 20 ವರ್ಷ, ಡಿಗ್ರಿ ಓದುತ್ತಿದ್ದೇನೆ. ಎಂಟು ತಿಂಗಳಿಂದ ಮುಟ್ಟು ಎರಡು ತಿಂಗಳಿಗೊಮ್ಮೆ ಆಗುತ್ತಿದೆ. ಅಮ್ಮ ಡಾಕ್ಟರಿಗೆ ತೋರಿಸೋಣ ಎನ್ನುತ್ತಾರೆ. ಒಳಗೆ ಉಪಕರಣ ಹಾಕಿ ನೋಡುತ್ತಾರೆ, ತುಂಬಾ ನೋವು ಎಂದು ಹಾಸ್ಟೆಲ್ ಗೆಳತಿಯರು ಹೆದರಿಸಿದ್ದಾರೆ. ನಿಜವೇ?
— ಓದುಗಿ, ದಾವಣಗೆರೆ

ಉತ್ತರ: ನಿಮ್ಮ ತೊಂದರೆಗೆ ಒಳಪರೀಕ್ಷೆ ಸಾಮಾನ್ಯವಾಗಿ ಬೇಕಾಗುವುದೇ ಇಲ್ಲ. ಅರ್ಧ ಕೆಲಸ ಮಾತಿನಲ್ಲೇ ಮುಗಿಯುತ್ತದೆ. ಹಿಂದಿನ ನಾಲ್ಕೈದು ಮುಟ್ಟಿನ ತಾರೀಖು ಬರೆದುಕೊಂಡು ಹೋಗಿ. 'ಕೊನೇ ಮುಟ್ಟು ಯಾವಾಗ' ಎಂದರೆ ರಕ್ತ ಕಾಣಿಸಿದ ಮೊದಲ ದಿನ ಹೇಳಬೇಕು, ನಿಂತ ದಿನವಲ್ಲ. ದಿನಕ್ಕೆ ಎಷ್ಟು ಪ್ಯಾಡ್, ಗಡ್ಡೆ ಬೀಳುತ್ತದೆಯೇ, ತೂಕ, ಮೊಡವೆ, ಗಲ್ಲದ ಮೇಲೆ ಕೂದಲು ಹೆಚ್ಚಿದೆಯೇ ಎಂದೂ ಕೇಳುತ್ತಾರೆ.

'ಮದುವೆ ಆಗಿದೆಯಾ' ಎಂದು ಕೇಳಿದರೆ ಅದರ ಅರ್ಥ, ಲೈಂಗಿಕ ಸಂಪರ್ಕ ಆಗಿದೆಯೇ ಎಂದು. ಆಗಿದ್ದರೆ ದಯವಿಟ್ಟು ಮುಚ್ಚಿಡಬೇಡಿ. ಮುಟ್ಟು ತಡವಾದಾಗ ಮೊದಲು ಗರ್ಭ ನಿಂತಿಲ್ಲವೆಂದು ಖಾತ್ರಿಯಾಗಬೇಕು. ಅಮ್ಮನೆದುರು ಹೇಳಲಾಗದಿದ್ದರೆ 'ಡಾಕ್ಟ್ರೇ, ಐದು ನಿಮಿಷ ಒಬ್ಬಳೇ ಮಾತಾಡಬೇಕು' ಎನ್ನಿ. ನಿಮ್ಮ ಗುಟ್ಟು ಕಾಯುವುದು ಅವರ ಕರ್ತವ್ಯ.

ಆಮೇಲೆ ಥೈರಾಯ್ಡ್, ಪ್ರೊಲ್ಯಾಕ್ಟಿನ್ (ಎದೆಹಾಲು ಬರಿಸುವ ಹಾರ್ಮೋನು) ರಕ್ತಪರೀಕ್ಷೆ, ಹೊಟ್ಟೆಯ ಮೇಲಿಂದ ಸ್ಕ್ಯಾನಿಂಗ್. ಸ್ಕ್ಯಾನಿಂಗಿಗೆ ಒಂದು ಗಂಟೆ ಮೊದಲು ನಾಲ್ಕೈದು ಲೋಟ ನೀರು ಕುಡಿದು ಮೂತ್ರ ತಡೆದಿರಿ. ಮೂತ್ರಕೋಶ ತುಂಬಿದಾಗ ಕರುಳು ಪಕ್ಕಕ್ಕೆ ಸರಿದು ಗರ್ಭಕೋಶ, ಅಂಡಾಶಯ ಸ್ಪಷ್ಟವಾಗಿ ಕಾಣುತ್ತವೆ. ಅರೆಬರೆ ತುಂಬಿದ್ದರೆ ಮತ್ತೆ ನೀರು ಕುಡಿಸಿ ಕೂರಿಸುತ್ತಾರೆ.

ಲೈಂಗಿಕ ಸಂಪರ್ಕ ಆಗಿದ್ದು, ಕೆಟ್ಟ ವಾಸನೆಯ ಬಿಳಿಮುಟ್ಟೋ ನಡುನಡುವೆ ರಕ್ತವೋ ಇದ್ದರೆ ಒಳಪರೀಕ್ಷೆ ಬೇಕಾಗಬಹುದು. ಆಗ ಮಾತ್ರ ಮೂತ್ರ ಮಾಡಿ ಬರಬೇಕು. ಅಂಗಾತ ಮಲಗಿ, ಮಂಡಿ ಮಡಚಿ ಅಗಲಿಸಬೇಕು. ಒಳಗೆ ನೋಡಲು ಬಳಸುವ ಉಪಕರಣ, ಅಂದರೆ ಸ್ಪೆಕ್ಯುಲಂ, ಬಾತುಕೋಳಿಯ ಕೊಕ್ಕಿನಂತಿರುತ್ತದೆ. ಮುಚ್ಚಿದ ಕೊಕ್ಕನ್ನೇ ಒಳಗಿಟ್ಟು ನಿಧಾನ ತೆರೆಯುತ್ತಾರೆ. ಎರಡು ಮೂರು ನಿಮಿಷದ ಕೆಲಸ. ಚಿಕ್ಕ ಅಳತೆಯದೂ ಇರುತ್ತದೆ, ಕೇಳಿ. ಹೆದರಿ ಸೊಂಟ ಮೇಲೆತ್ತಿದರೆ ಸ್ನಾಯು ಬಿಗಿದು ನೋವಾಗುತ್ತದೆ. ಸೊಂಟ ಮಂಚಕ್ಕೆ ಅಂಟಿಸಿ, ಬಾಯಿಂದ ಉದ್ದಕ್ಕೆ ಉಸಿರು ಬಿಡಿ. ಒತ್ತಿದಂತಾಗುವುದು ಸಹಜ, ಚುಚ್ಚಿದಂತೆ ನೋವಾದರೆ 'ನಿಲ್ಲಿಸಿ' ಎನ್ನಿ, ನಿಲ್ಲಿಸಲೇಬೇಕು. ಪುರುಷ ವೈದ್ಯರಾದರೆ ಪಕ್ಕದಲ್ಲಿ ನರ್ಸ್ ಇರಬೇಕೆಂದು ಕೇಳುವುದು ನಿಮ್ಮ ಹಕ್ಕು.

ಹೋಗುವ ಮುನ್ನ ಕೂದಲು ತೆಗೆಯಬೇಕಿಲ್ಲ. ಒಳಗೆ ಸೋಪು ಹಾಕಿ ತೊಳೆಯಲೂಬೇಡಿ. ವೈದ್ಯರು ನೋಡಬೇಕಾದ ಸ್ರಾವವೇ ತೊಳೆದುಹೋಗುತ್ತದೆ.