ನಾವು ಬರದಿದ್ದರೆ ಹಾಡುವವರಿಗೆ ವ್ಯತ್ಯಾಸ ಆಗುತ್ತದಾ?

ಓದುಗರ ಪತ್ರ

ಸಂಪಾದಕರಿಗೆ ನಮಸ್ಕಾರ. ನನಗೆ ಸಂಗೀತ ಗೊತ್ತಿಲ್ಲ. ಹನ್ನೊಂದು ವರ್ಷದ ಮಗಳು ಎರಡು ವರ್ಷದಿಂದ ಪಾಠಕ್ಕೆ ಹೋಗುತ್ತಿದ್ದಾಳೆ. ಹೋದ ತಿಂಗಳು ಕಚೇರಿ ಕೇಳಿಸೋಣ ಅಂತ ಅವಳನ್ನು ಬೆಂಗಳೂರಿಗೆ ಕರೆದುಕೊಂಡು ಹೋಗಿದ್ದೆ. ರಾಗ ಹಾಡುವಾಗ ಗಾಯಕಿ ಮೇಲೆ ಮೇಲೆ ಹೋಗಿ ಒಂದು ಸ್ವರದ ಮೇಲೆ ತುಂಬ ಹೊತ್ತು ನಿಂತರು. ಮಗಳು ಖುಷಿಯಲ್ಲಿ ಚಪ್ಪಾಳೆ ತಟ್ಟಿಬಿಟ್ಟಳು. ಹಿಂದಿನ ಸಾಲಿನವರೊಬ್ಬರು "ಗೊತ್ತಿಲ್ಲದೋರೆಲ್ಲ ಯಾಕೆ ಬರ್ತಾರೋ" ಅಂದರು. ಆಮೇಲೆ ಅವಳು ಕೈ ಎತ್ತಲೇ ಇಲ್ಲ. ಈಗ ಮನೆಯಲ್ಲೇ ಫೋನಿನಲ್ಲಿ ಕೇಳುತ್ತೇವೆ. ಅಲ್ಲಿ ಎಲ್ಲಾ ಸಿಗುತ್ತದೆ. ನಮ್ಮಂಥವರು ಬರದಿದ್ದರೆ ಹಾಡುವವರಿಗೆ ಏನಾದರೂ ವ್ಯತ್ಯಾಸ ಆಗುತ್ತದಾ? ಇನ್ನೊಂದು ಮಾತು. ಮಗಳು ಆ ರಾಗವನ್ನು ಇನ್ನೂ ಗುನುಗುತ್ತಿರುತ್ತಾಳೆ. ಅದು ಯಾವ ರಾಗ ಅಂತ ನಿಮ್ಮನ್ನೇ ಕೇಳಬೇಕಂತೆ. ಪತ್ರದ ಹಿಂದೆ ಸ್ವರ ಬರೆದಿದ್ದಾಳೆ.

– ತುಮಕೂರಿನ ಓದುಗರು, ಹೆಸರು ಬೇಡ ಎಂದಿದ್ದಾರೆ

ಸಂಪಾದಕರ ಉತ್ತರ

ಪ್ರಿಯ ಸೋದರಿ,

ಆಗುತ್ತದೆ. ತುಂಬಾ ಆಗುತ್ತದೆ. ಒಂದೇ ಸಾಲಿನಲ್ಲಿ ಉತ್ತರ ಬರೆದು ಮುಗಿಸಬಹುದಿತ್ತು. ಆದರೆ ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಓದಿದಷ್ಟೂ ಹೇಳಬೇಕಾದ್ದು ಜಾಸ್ತಿಯಾಯಿತು.

ಮೊದಲು ಮಗಳ ಚಪ್ಪಾಳೆಯ ವಿಚಾರ. ನೀವು ಬರೆದಿರುವುದನ್ನು ನೋಡಿದರೆ ಗಾಯಕಿ ಮಧ್ಯಸ್ಥಾಯಿಯಿಂದ ನಿಧಾನವಾಗಿ ರಾಗ ಬೆಳೆಸಿಕೊಂಡು ಹೋಗಿ ತಾರಸ್ಥಾಯಿಯ ಷಡ್ಜದ, ಅಂದರೆ ಮೇಲಿನ 'ಸ'ದ, ಮೇಲೆ ನಿಂತಿದ್ದಾರೆ. ಆಲಾಪನೆಯಲ್ಲಿ, ಅಂದರೆ ಸಾಹಿತ್ಯ ಇಲ್ಲದೆ ರಾಗ ಮಾತ್ರ ಹಾಡುವಾಗ, ಅದು ತುಂಬ ದೊಡ್ಡ ಜಾಗ. ಅಲ್ಲಿಯವರೆಗೆ ಅವರು ಆ ಷಡ್ಜವನ್ನು ಬೇಕಂತಲೇ ಮುಟ್ಟಿರುವುದಿಲ್ಲ. ಹತ್ತಿರ ಹೋಗುತ್ತಾರೆ, ವಾಪಸ್ ಬರುತ್ತಾರೆ. ಕೇಳುವವರಿಗೆ 'ಈಗ ಬರುತ್ತದೆ, ಈಗ ಬರುತ್ತದೆ' ಅನ್ನಿಸುತ್ತಿರುತ್ತದೆ. ಕೊನೆಗೆ ಬಂದು ನಿಂತಾಗ ದನಿಯೂ ತಂಬೂರಿಯೂ ಒಂದೇ ಆಗಿಬಿಡುತ್ತವೆ. ಹಳೆಯ ರಸಿಕರು 'ಆಹಾ', 'ಭೇಷ್' ಅನ್ನುತ್ತಿದ್ದದ್ದು ಇಂಥ ಕಡೆಯೇ. ಇಲ್ಲಿ ತಟ್ಟಬೇಕು, ಇಲ್ಲಿ ತಟ್ಟಬಾರದು ಅಂತ ನಮ್ಮ ಸಂಗೀತದಲ್ಲಿ ಬರೆದಿಟ್ಟ ಕಾನೂನು ಇಲ್ಲ. ನಿಮ್ಮ ಮಗಳ ಕಿವಿ ಸರಿಯಾದ ಜಾಗವನ್ನೇ ಹಿಡಿದಿದೆ. ಎರಡು ವರ್ಷದ ಪಾಠಕ್ಕೆ ಇದು ಸಣ್ಣ ವಿಷಯ ಅಲ್ಲ.

ಹಿಂದೆ ಕೂತಿದ್ದವರಿಗೆ ಆ ಗಳಿಗೆಯ ಮೌನ ಬೇಕಿತ್ತೇನೋ. ಅದನ್ನು ನಾನು ಒಪ್ಪುತ್ತೇನೆ. ಆದರೆ ಆಡಿದ ಮಾತನ್ನು ಒಪ್ಪಲಾರೆ. ನಾನೂ ಎಷ್ಟೋ ವರ್ಷದಿಂದ ಆ ಸಾಲುಗಳಲ್ಲಿ ಕೂರುವವನು. ಅವರೆಲ್ಲರ ಪರವಾಗಿ ಮಗಳ ಹತ್ತಿರ ಕ್ಷಮೆ ಕೇಳುತ್ತೇನೆ. ದಯವಿಟ್ಟು ಅವಳಿಗೆ ಇದನ್ನು ಓದಿ ಹೇಳಿ.

ಈಗ ನಿಮ್ಮ ಪ್ರಶ್ನೆ. ಕಚೇರಿಯಲ್ಲಿ ಹಾಡುವುದರಲ್ಲಿ ಬಹಳಷ್ಟು ಮೊದಲೇ ತೀರ್ಮಾನ ಆಗಿರುವುದಿಲ್ಲ. ಕೃತಿ, ಅಂದರೆ ಮೊದಲೇ ರಚಿಸಿಟ್ಟ ಹಾಡು, ಇರುತ್ತದೆ. ರಾಗ ಎಷ್ಟು ಹೊತ್ತು, ಯಾವ ಸಾಲಿಗೆ ನೆರವಲ್ (ಒಂದೇ ಸಾಲನ್ನು ಬೇರೆ ಬೇರೆ ಥರ ಬೆಳೆಸಿ ಹಾಡುವುದು), ಕಲ್ಪನಾಸ್ವರ (ಆಗಲೇ ಹೊಳೆದ ಸರಿಗಮ ಹಾಡುವುದು) ಎಲ್ಲಿ ನಿಲ್ಲಿಸಬೇಕು, ಇವೆಲ್ಲ ಅಲ್ಲೇ, ಆಗಲೇ ಹುಟ್ಟುವಂಥವು. ಹಾಗೆ ಹುಟ್ಟಬೇಕಾದರೆ ಎದುರಿಗೆ ಕೂತವರ ಮುಖ ಬೇಕು.

ಕೆಲವು ವರ್ಷಗಳ ಹಿಂದೆ ಬಸವನಗುಡಿಯ ಮನೆಯೊಂದರಲ್ಲಿ ಕಚೇರಿ ಇತ್ತು. ಹಾಲ್‌ನಲ್ಲಿದ್ದ ಸೋಫಾ ಎಲ್ಲ ತೆಗೆದು ಜಮಖಾನ ಹಾಸಿದ್ದರು. ಮೂವತ್ತು ಜನ ಇದ್ದೆವು. ಮೈಕ್ ಇರಲಿಲ್ಲ. ನನ್ನ ಮುಂದೆ ಒಬ್ಬರು ಅಜ್ಜಿ, ಮೊಣಕಾಲು ನೋವಿಗೆ ಸಣ್ಣ ಮಣೆಯ ಮೇಲೆ ಕೂತಿದ್ದರು. ತೊಡೆಯ ಮೇಲೆ ತಾಳ ಹಾಕುತ್ತಿದ್ದರು. ಗಾಯಕರು ನೆರವಲ್‌ನಲ್ಲಿ ಒಂದೇ ಸಾಲನ್ನು ತಿರುಗಿಸಿ ತಿರುಗಿಸಿ ಹಾಡುತ್ತಿದ್ದರು. ಒಂದು ಸುತ್ತಿನಲ್ಲಿ ಅಜ್ಜಿಯ ಕೈ ಅರ್ಧಕ್ಕೇ ನಿಂತಿತು. ಕಿರುಬೆರಳು ಮಡಿಸಿದ ಹಾಗೇ ಉಳಿಯಿತು. ಕಣ್ಣು ಮುಚ್ಚಿದರು. ಗಾಯಕರು ಅದನ್ನು ನೋಡಿದರು. ಪಿಟೀಲಿನವರಿಗೆ ಬಿಟ್ಟುಕೊಡಲು ಅರ್ಧ ತಿರುಗಿದ್ದವರು ಮತ್ತೆ ಈ ಕಡೆ ತಿರುಗಿದರು. ಅದೇ ಸಾಲು ಇನ್ನೂ ನಾಲ್ಕು ಸುತ್ತು ಬಂತು. ಆವತ್ತಿನ ಕಚೇರಿಯಲ್ಲಿ ನನಗೆ ನೆನಪಿರುವುದು ಆ ನಾಲ್ಕು ಸುತ್ತು. ಆಮೇಲೆ ಕಾಫಿ ಕುಡಿಯುವಾಗ ಕೇಳಿದೆ. "ಮುಗಿಸಬೇಕು ಅಂತಲೇ ಇದ್ದೆ. ಅವರು ತಾಳ ಬಿಟ್ಟುಬಿಟ್ಟರು. ಹೇಗೆ ಮುಗಿಸೋದು?" ಅಂದರು.

ಆ ಅಜ್ಜಿ ಬರದಿದ್ದರೆ ಆ ನಾಲ್ಕು ಸುತ್ತು ಇರುತ್ತಿರಲಿಲ್ಲ. ಅವರಿಗೆ ಎಷ್ಟು ರಾಗ ಗೊತ್ತಿತ್ತೋ ನಾನು ಕೇಳಲಿಲ್ಲ. ಗಾಯಕರೂ ಕೇಳಲಿಲ್ಲ.

ಹಿಂದೆ ಕೂತವರಿಗೆ ಕೇಳಿಸುತ್ತದೋ ಇಲ್ಲವೋ ಎಂಬ ಚಿಂತೆ ದೊಡ್ಡ ವಿದ್ವಾಂಸರಿಗೂ ಇತ್ತು. ಮೈಸೂರಿನ ಟಿ. ಚೌಡಯ್ಯನವರ ಏಳು ತಂತಿಯ ಪಿಟೀಲಿನ ಬಗ್ಗೆ ನೀವು ಕೇಳಿರಬಹುದು. ಆಗ ಮೈಕ್ ಇರಲಿಲ್ಲ. ದೊಡ್ಡ ಸಭೆಯಲ್ಲಿ ನಾಲ್ಕು ತಂತಿಯ ಪಿಟೀಲಿನ ನಾದ ಹಿಂದೆ ಕೂತವರಿಗೆ ಸರಿಯಾಗಿ ತಲುಪುತ್ತಿರಲಿಲ್ಲ. ಅದಕ್ಕೆ ಅವರು ಇನ್ನೂ ಮೂರು ತಂತಿ ಸೇರಿಸಿಕೊಂಡರು. ಏಳು ತಂತಿ ಶ್ರುತಿ ಮಾಡಿಕೊಂಡು ನುಡಿಸುವುದು ಎಷ್ಟು ಕಷ್ಟ ಅಂತ ಪಿಟೀಲು ಹಿಡಿದವರನ್ನು ಕೇಳಿ ನೋಡಿ. ಕೊನೆಯ ಬೆಂಚಿನಲ್ಲಿ ಕೂತವನಿಗೋಸ್ಕರ ಅಷ್ಟು ಕಷ್ಟಪಟ್ಟರು. ಅವರ ನೆನಪಿಗೆ ಬೆಂಗಳೂರಿನಲ್ಲಿ 1980ರಲ್ಲಿ ಶುರುವಾದ ಚೌಡಯ್ಯ ಸ್ಮಾರಕ ಭವನ ಪಿಟೀಲಿನ ಆಕಾರದಲ್ಲೇ ಇದೆ. ಮಗಳಿಗೆ ಒಮ್ಮೆ ಹೊರಗಿನಿಂದಲಾದರೂ ತೋರಿಸಿ.

ಮೈಕ್ ಬಂದಮೇಲೆ ಎಲ್ಲರಿಗೂ ಕೇಳಿಸಿತು, ನಿಜ. ಮೆಲುದನಿಯವರೂ ಹಾಡುವ ಹಾಗಾಯಿತು. ಆದರೆ ಕೆಲವು ಸಭಾಂಗಣಗಳಲ್ಲಿ ಈಗ ವೇದಿಕೆಗೆ ಮಾತ್ರ ದೀಪ. ನಾವು ಕತ್ತಲಲ್ಲಿ. ಹಾಡುವವರಿಗೆ ಎದುರಿಗೆ ಬರೀ ಕಪ್ಪು. ಅಜ್ಜಿಯ ಕಿರುಬೆರಳು ಅವರಿಗೆ ಹೇಗೆ ಕಾಣಬೇಕು? ಸಭೆ ನಡೆಸುವವರು ಯಾರಾದರೂ ಇದನ್ನು ಓದುತ್ತಿದ್ದರೆ ನನ್ನದೊಂದು ಬೇಡಿಕೆ. ಸಿನಿಮಾ ಥಿಯೇಟರಿನ ಹಾಗೆ ದೀಪ ಆರಿಸಬೇಡಿ.

ಈ ಕಾರಣಕ್ಕೇ ನನಗೆ ಚಪ್ಪರದ ಕಚೇರಿ ಇಷ್ಟ. ಚಾಮರಾಜಪೇಟೆಯ ಶ್ರೀ ರಾಮಸೇವಾ ಮಂಡಳಿ 1939ರಿಂದ ರಾಮನವಮಿ ಸಂಗೀತೋತ್ಸವ ನಡೆಸುತ್ತಾ ಬಂದಿದೆ. ಕೋಟೆ ಪ್ರೌಢಶಾಲೆಯ ಮೈದಾನದ ಆ ಚಪ್ಪರದಲ್ಲಿ ಹಾಡಿದವರ ಪಟ್ಟಿ ಹಾಕಿದರೆ ಈ ಪುಟ ಸಾಲದು. ನಾನು ಓದುವಾಗ ಟಿಕೆಟ್ಟಿಗೆ ದುಡ್ಡಿರಲಿಲ್ಲ. ಹೊರಗೆ ರಸ್ತೆಯಲ್ಲಿ ನಿಂತು ಕೇಳುತ್ತಿದ್ದೆ. ಅಲ್ಲಿ ನಮ್ಮದೇ ಒಂದು ಸಭೆ ಇರುತ್ತಿತ್ತು. ಆಟೊ ನಿಲ್ಲಿಸಿಕೊಂಡವರು, ತರಕಾರಿ ಚೀಲ ಹಿಡಿದವರು, ಕೆಲಸ ಮುಗಿಸಿ ಬಸ್ಸಿಗೆ ಹೊರಟವರು. ಯಾರೂ ಯಾರಿಗೂ 'ನಿನಗೆ ಗೊತ್ತಾ' ಅಂತ ಕೇಳುತ್ತಿರಲಿಲ್ಲ. ಒಂದು ರಾತ್ರಿ ತನಿ ಆವರ್ತನ, ಅಂದರೆ ಮೃದಂಗ, ಘಟದವರು ಮಾತ್ರ ನುಡಿಸುವ ಭಾಗ, ನಡೆಯುತ್ತಿತ್ತು. ಪಕ್ಕದಲ್ಲಿದ್ದ ಆಟೊ ಡ್ರೈವರ್ ಹ್ಯಾಂಡಲ್ ಮೇಲೆ ತಾಳ ಹಾಕುತ್ತಾ ನನ್ನ ಕಡೆ ನೋಡಿ "ಈಗ ಬರತ್ತೆ ನೋಡಿ" ಅಂದರು. ಬಂತು. ಇಬ್ಬರೂ ನಕ್ಕೆವು.

ತನಿಯ ಮಾತು ಬಂದದ್ದರಿಂದ ಇನ್ನೊಂದು ಹೇಳಿಬಿಡುತ್ತೇನೆ, ಇದು ಬಹಳ ದಿನದಿಂದ ಮನಸ್ಸಿನಲ್ಲಿದೆ. ಗಾಯಕರು ನಿಲ್ಲಿಸಿ ಮೃದಂಗದವರಿಗೆ ಬಿಟ್ಟುಕೊಟ್ಟ ಕೂಡಲೇ ಅರ್ಧ ಸಭೆ ಎದ್ದು ಕ್ಯಾಂಟೀನಿಗೆ ಹೋಗುತ್ತದೆ. 'ಗೊತ್ತಿರುವವರು' ಕೂಡ ಹೋಗುತ್ತಾರೆ. ಎರಡು ಗಂಟೆ ಹೊತ್ತು ಗಾಯಕರ ಉಸಿರು ಹಿಡಿದು ನುಡಿಸಿದ ಮನುಷ್ಯನಿಗೆ ತನ್ನದು ಅಂತ ಸಿಗುವುದೇ ಆ ಹತ್ತು ಹದಿನೈದು ನಿಮಿಷ. ಆಗ ಅವರಿಗೆ ಕಾಣುವುದು ನಮ್ಮ ಬೆನ್ನು. ನೀವು ಹಾಗೆ ಮಾಡಬೇಡಿ. ಮಗಳಿಗೆ ಆದಿತಾಳ ಬರುತ್ತದೆ. ಒಂದು ಪೆಟ್ಟು, ಮೂರು ಬೆರಳು, ಆಮೇಲೆ ಪೆಟ್ಟು, ಕೈ ತಿರುವಿ ಹುಸಿ, ಮತ್ತೆ ಪೆಟ್ಟು, ಹುಸಿ. ಎಂಟು ಎಣಿಕೆ. ಅವಳ ಕೈ ನೋಡಿಕೊಂಡು ನೀವೂ ಹಾಕಿ. ಮೃದಂಗ ಒಂದಷ್ಟು ನುಡಿಸುತ್ತದೆ, ಘಟ ಒಂದಷ್ಟು. ಹೋಗ್ತಾ ಹೋಗ್ತಾ ಅವರ ಸರದಿ ಚಿಕ್ಕದಾಗುತ್ತದೆ. ಆಮೇಲೆ ಇಬ್ಬರೂ ಸೇರಿ ನುಡಿಸುತ್ತಾರೆ. ಕೊನೆಯಲ್ಲಿ ಒಂದು ಮುಕ್ತಾಯ, ಅದನ್ನು ಮೂರು ಸಲ ಹೇಳಿ ಸರಿಯಾಗಿ ಹಾಡು ಎತ್ತುವ ಜಾಗಕ್ಕೆ ತಂದು ಬಿಡುತ್ತಾರೆ. ನಡುವೆ ನಿಮ್ಮ ಲೆಕ್ಕ ತಪ್ಪಿದರೂ ಪರವಾಗಿಲ್ಲ. ಆ ಕೊನೆಯ ಪೆಟ್ಟಿಗೆ ಇಡೀ ಸಭೆಯ ಕೈ ಒಟ್ಟಿಗೆ ಬೀಳುತ್ತದಲ್ಲ, ಅದು ಫೋನಿನಲ್ಲಿ ಸಿಗುವುದಿಲ್ಲ.

ಧಾರವಾಡದ ಕಡೆ ಹಿಂದೂಸ್ತಾನಿ ಕೇಳುವವರು ಕೈಗಿಂತ ಕತ್ತು ಜಾಸ್ತಿ ಆಡಿಸುತ್ತಾರೆ. ತಬಲಾ, ಹಾಡು ಎರಡೂ ಸುತ್ತಿ ಬಂದು ತಾಳದ ಮೊದಲ ಪೆಟ್ಟಿಗೆ, ಅಂದರೆ ಸಮ್‌ಗೆ ಬಿದ್ದಾಗ ಎಲ್ಲರ ತಲೆಯೂ ಒಂದೇ ಸಲ ಬಾಗುತ್ತದೆ. ಕುಂದಗೋಳದ ನಾಡಗೀರ ವಾಡೆಯಲ್ಲಿ ಸವಾಯಿ ಗಂಧರ್ವರ ನೆನಪಿಗೆ ರಾತ್ರಿಯಿಡೀ ಸಂಗೀತ ನಡೆಯುವ ಸಂಪ್ರದಾಯ ಇದೆ. ಗಂಗೂಬಾಯಿ ಹಾನಗಲ್ಲರೂ ಭೀಮಸೇನ ಜೋಶಿಯವರೂ ಆ ಗುರುವಿನ ಶಿಷ್ಯರು. ರಾತ್ರಿಯಿಡೀ ಯಾಕೆ ಅಂದರೆ ಆ ಪದ್ಧತಿಯಲ್ಲಿ ರಾಗಕ್ಕೆ ಹೊತ್ತು ಉಂಟು. ಸಂಜೆ ಆರರಿಂದ ಒಂಬತ್ತರವರೆಗೆ ಮಾತ್ರ ಕಚೇರಿ ಇಟ್ಟುಕೊಂಡರೆ ಬೆಳಗಿನ ರಾಗಗಳಾದ ಭೈರವ, ತೋಡಿ ಕೇಳುವುದು ಯಾವಾಗ? ಭೀಮಸೇನರು ಗುರುವಿನ ಹೆಸರಿನಲ್ಲಿ 1953ರಲ್ಲಿ ಪುಣೆಯಲ್ಲಿ ಶುರು ಮಾಡಿದ ಉತ್ಸವವೂ ಹಿಂದೆ ಬೆಳಗಿನವರೆಗೆ ನಡೆಯುತ್ತಿತ್ತು. ರಾತ್ರಿ ಹತ್ತರ ಮೇಲೆ ಧ್ವನಿವರ್ಧಕ ಬಳಸಬಾರದು ಎಂಬ ನಿಯಮ ಬಂದಮೇಲೆ ಅದು ಮೊಟಕಾಯಿತು. ನಿಯಮದಲ್ಲಿ ತಪ್ಪಿಲ್ಲ, ಮಲಗುವವರೂ ಇದ್ದಾರೆ. ಆದರೆ ಇಡೀ ರಾತ್ರಿ ಜೊತೆಗೆ ಎಚ್ಚರ ಇದ್ದು, ಬೆಳಕು ಹರಿಯುವಾಗ ಬೆಳಗಿನ ರಾಗ ಕೇಳುವ ಭಾಗ್ಯ ಕಮ್ಮಿಯಾಯಿತು. ಆ ಹೊತ್ತಿಗೆ ಹಾಡುವವರ ಕಣ್ಣೂ ಕೇಳುವವರ ಕಣ್ಣೂ ಒಂದೇ ಥರ ಕೆಂಪಾಗಿರುತ್ತಿದ್ದವು.

ಫೋನಿನ ಬಗ್ಗೆ ಕೆಟ್ಟ ಮಾತು ಹೇಳಲಾರೆ. ತುಮಕೂರಿನ ಮನೆಯಲ್ಲಿ ಕೂತು ಒಂದೇ ರಾಗವನ್ನು ಐದು ಜನ ವಿದ್ವಾಂಸರಿಂದ ಒಂದೇ ಮಧ್ಯಾಹ್ನ ಕೇಳಬಹುದು. ನನ್ನ ಕಾಲದಲ್ಲಿ ಅಷ್ಟಕ್ಕೆ ಐದು ವರ್ಷ ಬೇಕಿತ್ತು. ಹಿಂದೂಸ್ತಾನಿಯ ಖಯಾಲ್ ಗಾಯನ ಅಂದರೇನು ಅಂತ ಗೊತ್ತಿಲ್ಲದ ಎಷ್ಟೋ ಮನೆಗಳಿಗೆ ಭೀಮಸೇನರು ಬಂದದ್ದು ದಾಸವಾಣಿಯ ಕ್ಯಾಸೆಟ್ಟಿನಿಂದ. ಅಲ್ಲಿಂದ ಕಚೇರಿಗೆ ಬಂದವರಿದ್ದಾರೆ. ನಿಮ್ಮ ಫೋನೂ ಹಾಗೇ ಬಾಗಿಲಾಗಲಿ.

ಆದರೆ 2020ರಲ್ಲಿ ಕೊರೊನಾ ಬಂದು ಸಭೆಗಳೆಲ್ಲ ಮುಚ್ಚಿದಾಗ ಕಲಾವಿದರು ಫೋನನ್ನು ಎದುರಿಗಿಟ್ಟುಕೊಂಡು ಹಾಡಿದರು. ಇಂಟರ್‌ನೆಟ್ಟಿನಲ್ಲಿ ದನಿ ಸ್ವಲ್ಪ ತಡವಾಗಿ ಬರುವುದರಿಂದ ಬೇರೆ ಬೇರೆ ಮನೆಯಲ್ಲಿದ್ದ ಗಾಯಕರೂ ಮೃದಂಗದವರೂ ಒಟ್ಟಿಗೆ ನುಡಿಸಲು ಆಗುತ್ತಿರಲಿಲ್ಲ. ಒಬ್ಬೊಬ್ಬರೇ ರೆಕಾರ್ಡ್ ಮಾಡಿ ಆಮೇಲೆ ಜೋಡಿಸುತ್ತಿದ್ದರು. ಆಗ ನನಗೆ ಪರಿಚಯದ ಪಿಟೀಲು ವಾದಕರೊಬ್ಬರು ಹೇಳಿದ್ದು ಇದು: "ನುಡಿಸಿ ಮುಗಿಸ್ತೀನಿ. ಬಿಲ್ಲು ಕೆಳಗಿಡ್ತೀನಿ. ಅಡುಗೆಮನೆಯಲ್ಲಿ ಫ್ರಿಜ್ ಶಬ್ದ ಕೇಳತ್ತೆ." ಕೇಳಿದ ಜನ ಸಾವಿರಾರು ಇರಬಹುದು. ಆ ಗಳಿಗೆಯಲ್ಲಿ ಅವರ ಹತ್ತಿರ ಒಬ್ಬರೂ ಇರಲಿಲ್ಲ. ನಿಮ್ಮ ಪ್ರಶ್ನೆಗೆ ಅವರಿಗಿಂತ ಚೆನ್ನಾಗಿ ಯಾರು ಉತ್ತರ ಹೇಳಬಲ್ಲರು?

ಕೇಳುವವರ ಮೇಲೆ ಮಾತ್ರ ಭಾರ ಹಾಕುವುದು ಸರಿಯಲ್ಲ. ಹಾಡುವವರೂ ಒಂದು ಹೆಜ್ಜೆ ಮುಂದೆ ಬರಬೇಕು. 'ಇದು ಕಲ್ಯಾಣಿ ರಾಗ, ಸಾಹಿತ್ಯ ಇಂಥವರದು, ಅರ್ಥ ಇಷ್ಟು' ಎಂದು ಎರಡು ಮಾತು ಹೇಳಿದರೆ ಏನೂ ಕಳೆದುಹೋಗುವುದಿಲ್ಲ. ಈಗಿನ ಕೆಲವು ಕಿರಿಯರು ಇದನ್ನು ಚೆನ್ನಾಗಿ ಮಾಡುತ್ತಿದ್ದಾರೆ. ದೆಹಲಿ ಐಐಟಿಯಲ್ಲಿ ಪ್ರೊಫೆಸರ್ ಆಗಿದ್ದ ಕಿರಣ್ ಸೇಠ್ 1977ರಲ್ಲಿ ಕಟ್ಟಿದ ಸ್ಪಿಕ್ ಮೆಕೆ ಎಂಬ ಸಂಸ್ಥೆಯ ಕಾರ್ಯಕ್ರಮಗಳಲ್ಲಿ ದೊಡ್ಡ ದೊಡ್ಡ ವಿದ್ವಾಂಸರು ಶಾಲೆ ಕಾಲೇಜಿಗೇ ಹೋಗಿ, ಏನೂ ಗೊತ್ತಿಲ್ಲದ ಮಕ್ಕಳ ಎದುರು ಕೂತು, ಬಿಡಿಸಿ ಹೇಳಿ ಹಾಡಿದ್ದಾರೆ. ಗೊತ್ತಿಲ್ಲದವರು ಯಾಕೆ ಬಂದರು ಅಂತ ಅವರು ಕೇಳಲಿಲ್ಲ. ಇನ್ನು ಮುಖ್ಯ ಕೃತಿ ಮುಗಿದ ಕೂಡಲೇ ಕಚೇರಿ ನಿಲ್ಲಿಸಿ ಸನ್ಮಾನ, ಭಾಷಣ ಇಡುವ ಪದ್ಧತಿ. ಒಂದು ಕಡೆ ನಲವತ್ತು ನಿಮಿಷ ಭಾಷಣ ಆಯಿತು. ಗಾಯಕರು ಮಡಿಲಲ್ಲಿ ಹಣ್ಣಿನ ಬುಟ್ಟಿ ಇಟ್ಟುಕೊಂಡು ಕೂತಿದ್ದರು. ಮತ್ತೆ ಶ್ರುತಿಗೆ ಬರುವ ಹೊತ್ತಿಗೆ ಜನ ಕೊನೆಯ ಬಸ್ಸಿಗೆ ಓಡಿದ್ದರು. ಇದು ನಿಲ್ಲಬೇಕು.

ಮತ್ತೆ ಹೋಗಿ, ಇಬ್ಬರೂ ಹೋಗಿ. ರಾಮನವಮಿಯ ಹೊತ್ತಿಗೆ ನಿಮ್ಮೂರಿನಲ್ಲೇ ಎಲ್ಲಾದರೂ ಒಂದು ಚಪ್ಪರ ಇದ್ದೇ ಇರುತ್ತದೆ. ಪಾನಕ ಕೋಸಂಬರಿಯೂ ಸಿಗುತ್ತದೆ. ಮೃದಂಗದವರ ಕೈ ಕಾಣುವ ಕಡೆ ಕೂತುಕೊಳ್ಳಿ. ಕಚೇರಿ ಮುಗಿದಮೇಲೆ ಮಗಳನ್ನು ವೇದಿಕೆಯ ಹತ್ತಿರ ಕರೆದುಕೊಂಡು ಹೋಗಿ, ಯಾವುದು ಇಷ್ಟವಾಯಿತು ಅಂತ ಅವಳೇ ಹೇಳಲಿ.

ಇನ್ನು ಪತ್ರದ ಹಿಂದಿನ ಪೆನ್ಸಿಲ್ ಬರಹ. 'ಸ ರಿ ಗ ಪ ದ ಸ' ಅಂತ ಬರೆದು ಕೆಳಗೆ ಗೆರೆ ಎಳೆದಿದ್ದಾಳೆ. ಬರೀ ಅಕ್ಷರ ನೋಡಿ ರಾಗ ಹೇಳುವುದು ಕಷ್ಟ. ಆ ಐದು ಸ್ವರದಲ್ಲಿ ಮೋಹನವೂ ಇದೆ, ಶಿವರಂಜನಿಯೂ ಇದೆ. ಎರಡಕ್ಕೂ ಗಾಂಧಾರ, ಅಂದರೆ 'ಗ', ಮಾತ್ರ ಬೇರೆ. ಪಾಠದಲ್ಲಿ ಮೋಹನ ರಾಗದ ಗೀತೆ ಆಗಿರಬೇಕು. ಅವಳು ಮೊದಲು ಅದನ್ನು ಹಾಡಲಿ. ಅದೇ ಶ್ರುತಿಯಲ್ಲಿ ಆವತ್ತು ಕೇಳಿದ್ದನ್ನು ಗುನುಗಲಿ. 'ಗ' ಎರಡರಲ್ಲೂ ಒಂದೇ ಕಡೆ ಕೂತರೆ ಮೋಹನ. ಸ್ವಲ್ಪ ಕೆಳಗೆ ಇಳಿದು ಮನಸ್ಸು ಭಾರ ಅನ್ನಿಸಿದರೆ ಶಿವರಂಜನಿ. ಯಾವುದು ಅಂತ ಅವಳೇ ಒಂದು ಕಾರ್ಡ್ ಬರೆಯಲಿ, ಕಾಯುತ್ತಿರುತ್ತೇನೆ.

– ಸಂಪಾದಕ